ಅಳಿವೆಯ ನಗರ: ಮಂಗಳೂರಿನ ಚರಿತ್ರೆ ಬರವಣಿಗೆಯ ಒಂದು ವಿಮರ್ಶೆ

1

ಮಂಗಳೂರಿನ ಬಗೆಗೆ ಆಗಿರುವ ಬರವಣಿಗೆ ಪ್ರಮಾಣದಲ್ಲಿ ಕಡಿಮೆಯೇನಲ್ಲ. ಆರನೆಯ ಶತಮಾನದ ಗ್ರೀಕ್ ವರ್ತಕ ಕಾಸ್ಮಾಸ್ ಮೆಣಸಿನ ನಾಡಿನ ಐದು ಪೇಟೆಗಳಲ್ಲಿ ಒಂದನ್ನು ‘ಮಂಗರೂತ್’ ಎಂದು ಕರೆದಂದಿನಿಂದ ಮೊದಲ್ಗೊಂಡು, ಅರಬ್, ಪೋರ್ಚುಗೀಸ್, ಇಟಾಲಿಯನ್ ಮತ್ತು ಇಂಗ್ಲಿಷ್ ಪ್ರವಾಸಿಗರು ಈ ಊರನ್ನು ಬಣ್ಣಿಸುತ್ತ ಬಂದಿದ್ದಾರೆ. ಇಪ್ಪತ್ತನೆಯ ಶತಮಾನದಲ್ಲಿ ಬಿ. ಎ. ಸಾಲೆತೊರೆ ಅವರ ತುಳುವ ಚರಿತ್ರೆ (1936), ಕೆ. ವಿ. ರಮೇಶ್ ಅವರ ದಕ್ಷಿಣ ಕನ್ನಡದ ಇತಿಹಾಸ (1970), ಪಿ. ಗುರುರಾಜ ಭಟ್ಟರ ತುಳುವ ಇತಿಹಾಸ ಮತ್ತು ಸಂಸ್ಕೃತಿಯ ಬೃಹತ್ ಅಧ್ಯಯನ (1975) ಇವು ಶಾಸನ ಮತ್ತು ವಾಸ್ತುಗಳ ಆಧಾರದಿಂದ ಈ ಪ್ರದೇಶದ ಚರಿತ್ರೆಗೆ ಗಟ್ಟಿಯಾದ ಅಡಿಪಾಯ ಹಾಕಿದವು. ಇವಲ್ಲದೆ ಪ್ರತಿಯೊಂದು ಸಮುದಾಯವೂ ತನ್ನ ಚರಿತ್ರೆಯನ್ನು ತಾನೇ ಬರೆದುಕೊಂಡಿದೆ. ಹೀಗಿದ್ದೂ ‘ಮಂಗಳೂರು ಎಂಥ ನಗರ?’ ಎಂಬ ಪ್ರಶ್ನೆಗೆ ಈ ಬರವಣಿಗೆಯಲ್ಲಿ ತೃಪ್ತಿಕರವಾದ ಉತ್ತರ ದೊರೆಯುವುದಿಲ್ಲ. ಇದಕ್ಕೆ ಕಾರಣ ಆಕರಗಳ ಕೊರತೆ ಎನ್ನಲಾಗದು. ಆಕರಗಳನ್ನು ನೋಡುವ ಬಗೆಯಲ್ಲಿಯೇ ಎರಡು ರೂಢಿಗಳು ಬೇರೂರಿವೆ. ಆ ರೂಢಿಗಳನ್ನು ಗುರುತಿಸಿ, ಅವು ಮರೆಮಾಡಿರುವುದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದು, ನಗರವನ್ನು ಹಡಗಿನ ಮೇಲಿಂದ ನೋಡುವ ರೂಢಿ. ಇದರಲ್ಲಿ ಹಡಗು ಬಂದಾಗ ನಗರ ಎಚ್ಚರಗೊಳ್ಳುತ್ತದೆ, ಹಡಗು ಹೋದಾಗ ಕಾಣೆಯಾಗುತ್ತದೆ. ಎರಡನೆಯದು, ನಗರವನ್ನು ಸಮುದಾಯಗಳ ‘ಕೊಡುಗೆ’ಗಳ ಮೊತ್ತವಾಗಿ ನೋಡುವ ರೂಢಿ. ಇದರಲ್ಲಿ ಜೈನರು, ಸಾರಸ್ವತರು, ಬ್ಯಾರಿಗಳು, ಕ್ರೈಸ್ತರು, ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರು ಒಬ್ಬೊಬ್ಬರಾಗಿ ವೇದಿಕೆಗೆ ಬಂದು ತಮ್ಮ ಪಾಲನ್ನು ಒಪ್ಪಿಸಿ ಹೋಗುತ್ತಾರೆ. ಈ ಎರಡೂ ರೂಢಿಗಳಲ್ಲಿ ತಪ್ಪಿಹೋಗುವುದು ಅಳಿವೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಕೂಡಿ ಕಡಲನ್ನು ಸೇರುವ, ಮರಳಿನ ದಿಬ್ಬಗಳಿಂದ ಸದಾ ಜಾಗ ಬದಲಿಸುವ ಆ ನೀರಿನ ಬಾಯಿಯೇ ಮಂಗಳೂರಿನ ಹುಟ್ಟಿಗೆ ಕಾರಣ. ಅದರ ಗುಣವೇ ನಗರದ ಗುಣವೂ ಆಗಿದೆ ಎಂಬುದು ಇಲ್ಲಿ ಮಂಡಿಸಬಯಸುವ ವಿಚಾರ.

2

ಈ ಊರಿಗೆ ಒಂದೇ ಹೆಸರಿಲ್ಲ. ಕನ್ನಡದಲ್ಲಿ ಮಂಗಳೂರು, ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿ ಭಾಷೆಯಲ್ಲಿ ಮೈಕಾಲ, ಮಲಯಾಳದಲ್ಲಿ ಮಂಗಲಾಪುರಂ. ಆಡಳಿತ ದಾಖಲೆಗಳಲ್ಲಿದ್ದ ಇಂಗ್ಲಿಷ್ ರೂಪ 2014ರ ನವೆಂಬರ್ 1ರಿಂದ ಕನ್ನಡದ ಉಚ್ಚಾರಕ್ಕೆ ಬದಲಾಯಿತು. ಈ ಹೆಸರುಗಳನ್ನು ಬಹುಭಾಷಿಕತೆಯ ಅಲಂಕಾರವೆಂಬಂತೆ ಪಟ್ಟಿ ಮಾಡುವುದು ವಾಡಿಕೆ. ಆದರೆ ಇವು ಒಂದೇ ಸ್ಥಳವನ್ನು ಬೇರೆ ಬೇರೆ ದಿಕ್ಕಿನಿಂದ ಕಂಡವರ ಹೆಸರುಗಳು. ಮಂಗಳಾದೇವಿಯ ಗುಡಿಯನ್ನು ಕೇಂದ್ರವಾಗಿ ಕಂಡವರಿಗೆ ಇದು ಮಂಗಳೂರು. ಕುಡ್ಲ ಎಂಬುದನ್ನು ನದಿಗಳ ಕೂಡಲಿಗೆ ಸಂಬಂಧಿಸಿ ವಿವರಿಸುವ ಸಂಪ್ರದಾಯವಿದೆ. ಆ ವಿವರಣೆಯನ್ನು ಒಪ್ಪಿದರೆ, ನೆಲದ ಜನ ಬಳಸುವ ಹೆಸರೇ ಅಳಿವೆಯ ಹೆಸರು ಎಂದಾಗುತ್ತದೆ.

ಹಳೆಯ ಬಂದರಿನ ಸುತ್ತಲಿನ ಸ್ಥಳನಾಮಗಳೂ ಇದನ್ನೇ ಪುಷ್ಟೀಕರಿಸುತ್ತವೆ. ನದಿಯನ್ನೂ ಕಡಲನ್ನೂ ಬೇರ್ಪಡಿಸುವ ಮರಳಿನ ನಾಲಗೆ ಬೆಂಗರೆ. ಹೊಯಿಗೆ ಎಂದರೆ ಮರಳು. ಹೊಯಿಗೆ ಬಜಾರ್ ಮರಳಿನ ಮೇಲಿನ ಪೇಟೆ. ಸರಕು ಇಳಿಯುವ ಕಟ್ಟೆ ದಕ್ಕೆ. ಮಂಗಳೂರಿನ ಬಂದರು ತೆರೆದ ಕಡಲಿಗೆ ಮುಖ ಮಾಡಿದ್ದಲ್ಲ, ಬೆಂಗರೆಯ ಮರೆಯಲ್ಲಿ ನದಿಯ ದಂಡೆಗೆ ಅಂಟಿಕೊಂಡಿದ್ದಾಗಿತ್ತು. ಅಳಿವೆಯ ಮರಳನ್ನು ದಾಟಲಾರದ ದೊಡ್ಡ ಹಡಗುಗಳು ಹೊರಗೆ ಲಂಗರು ಹಾಕಬೇಕಿತ್ತು. ಮಂಜಿಗಳೂ ದೋಣಿಗಳೂ ಸರಕನ್ನು ಹೊತ್ತು ನಡುವೆ ಓಡಾಡಬೇಕಿತ್ತು. ಮಳೆಗಾಲದ ತಿಂಗಳುಗಳಲ್ಲಿ ಕಡಲಿನ ವ್ಯವಹಾರವೇ ನಿಂತುಹೋಗುತ್ತಿತ್ತು. ಎಂದರೆ, ಹೊರಗಿನಿಂದ ಬಂದ ಯಾರೂ ಒಳಗಿನವರ ನೆರವಿಲ್ಲದೆ ಈ ನಗರವನ್ನು ಪ್ರವೇಶಿಸಲಾಗುತ್ತಿರಲಿಲ್ಲ. ಬಂದವರು ಗಾಳಿ ತಿರುಗುವ ತನಕ ಕಾಯಬೇಕಿತ್ತು. ಮಂಗಳೂರಿನ ಸಾಮಾಜಿಕ ಸಂಬಂಧಗಳ ಮೂಲವ್ಯಾಕರಣ ಈ ಎರಡು ಅನಿವಾರ್ಯತೆಗಳಲ್ಲಿದೆ.

3

ಹಡಗಿನ ಮೇಲಿಂದ ಬಂದ ಬರವಣಿಗೆಯನ್ನೇ ಈ ದೃಷ್ಟಿಯಿಂದ ಮರಳಿ ಓದಿದಾಗ ಅದರಲ್ಲಿ ಬೇರೆ ಸಂಗತಿಗಳು ಕಾಣಿಸತೊಡಗುತ್ತವೆ. 1342ರ ಸುಮಾರಿಗೆ ಇಲ್ಲಿಗೆ ಬಂದ ಇಬ್ನ್ ಬತೂತ ಈ ಊರನ್ನು ‘ಮಂಜರೂರ್’ ಎಂದು ಕರೆದು, ಅದು ದೊಡ್ಡದೊಂದು ಅಳಿವೆಯ ಮೇಲಿದೆ ಎಂಬ ಮಾತಿನಿಂದಲೇ ವರ್ಣನೆಯನ್ನು ಆರಂಭಿಸುತ್ತಾನೆ. ಫಾರಸ್ ಮತ್ತು ಯಮನ್ ದೇಶಗಳ ವರ್ತಕರು ಇಲ್ಲಿ ಇಳಿಯುತ್ತಿದ್ದರು. ಮೆಣಸು ಮತ್ತು ಶುಂಠಿ ಹೇರಳವಾಗಿದ್ದವು. ಊರ ಪಕ್ಕದ ಕೇರಿಯಲ್ಲಿ ಸುಮಾರು 4000 ಮುಸಲ್ಮಾನರು ನೆಲೆಸಿದ್ದರು. ಈ ಭಾಗ ಎಲ್ಲರೂ ಎತ್ತಿಕೊಳ್ಳುವಂಥದು. ಆದರೆ ಅದರ ಮುಂದಿನ ವಿವರವನ್ನು ಅಷ್ಟಾಗಿ ಯಾರೂ ಗಮನಿಸಿಲ್ಲ. ಈ ವರ್ತಕರಿಗೂ ಊರವರಿಗೂ ಆಗಾಗ ಕಾದಾಟಗಳಾಗುತ್ತಿದ್ದವು. ವರ್ತಕರ ಅಗತ್ಯವಿದ್ದುದರಿಂದ ಅರಸನು ನಡುವೆ ಬಂದು ರಾಜಿ ಮಾಡಿಸುತ್ತಿದ್ದನು ಎಂದು ಆತ ಹೇಳುತ್ತಾನೆ. ಇಲ್ಲಿಯ ಸಹಬಾಳ್ವೆ ಕಲಹವಿಲ್ಲದ ಸಹಬಾಳ್ವೆಯಾಗಿರಲಿಲ್ಲ. ಕಲಹವಾದಾಗಲೂ ಒಬ್ಬರನ್ನೊಬ್ಬರು ಬಿಟ್ಟುಕೊಡಲಾರದಂಥ ಪರಸ್ಪರ ಅಗತ್ಯವೇ ಅದರ ಆಧಾರವಾಗಿತ್ತು. ‘ಸೌಹಾರ್ದದ ನೆಲೆವೀಡು’ ಎಂಬ ಸಭಾಭಾಷಣದ ಮಾತಿಗಿಂತ ಈ ಸಾಕ್ಷ್ಯ ಹೆಚ್ಚು ಪ್ರಾಮಾಣಿಕವಾದುದು, ಹೆಚ್ಚು ಉಪಯುಕ್ತವಾದುದು.

ಇಬ್ನ್ ಬತೂತನಿಗಿಂತ ಎರಡು ಶತಮಾನಗಳಷ್ಟು ಹಿಂದಿನ ಸಾಕ್ಷ್ಯ ಕೈರೋ ನಗರದ ಯೆಹೂದಿ ದೇವಾಲಯದ ಕೋಣೆಯಲ್ಲಿ, ಗೆನಿಜಾ ಪತ್ರಗಳಲ್ಲಿ ದೊರಕಿತು. ಟ್ಯುನೀಷಿಯ ಮೂಲದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಹನ್ನೆರಡನೆಯ ಶತಮಾನದ ಮಧ್ಯಭಾಗದಲ್ಲಿ ಬಹಳ ವರ್ಷ ಮಲಬಾರ್ ತೀರದಲ್ಲಿದ್ದು, ಮಂಗಳೂರನ್ನು ನೆಲೆ ಮಾಡಿಕೊಂಡಿದ್ದನು. ಅಶು ಎಂಬ ದಾಸಿಗೆ ಆತ ಬರೆದುಕೊಟ್ಟ ಬಿಡುಗಡೆಪತ್ರ 1132ರ ಅಕ್ಟೋಬರ್ ತಿಂಗಳಲ್ಲಿ ಮಂಗಳೂರಿನಲ್ಲಿಯೇ ಆದುದು. ಏಡನ್ನಿನ ವರ್ತಕರು ಒಡೆದ ತಾಮ್ರದ ಪಾತ್ರೆಗಳನ್ನೂ ಲೋಹವನ್ನೂ ಅವನಿಗೆ ಕಳುಹಿಸುತ್ತಿದ್ದರು. ಅವನ ಕಂಚಿನ ಕೆಲಸದ ಶಾಲೆಯಲ್ಲಿ ಅವು ಹೊಸ ಪಾತ್ರೆಗಳಾಗಿ ಮರಳುತ್ತಿದ್ದವು. ಜೊತೆಗೆ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಹೋಗುತ್ತಿದ್ದವು. ಎಂದರೆ ಮಂಗಳೂರು ಮಲೆನಾಡಿನ ಫಸಲನ್ನು ಹೊರಗೆ ಸಾಗಿಸುವ ಕಟ್ಟೆ ಮಾತ್ರವಾಗಿರದೆ, ಕುಶಲ ಕೆಲಸಗಾರರ ಊರೂ ಆಗಿತ್ತು. ಕದ್ರಿಯ ದೇವಾಲಯದಲ್ಲಿರುವ, ಕ್ರಿ. ಶ. 968ರಲ್ಲಿ ಅಳುಪ ಅರಸ ಕುಂದವರ್ಮನು ಸ್ಥಾಪಿಸಿದ ಲೋಕೇಶ್ವರನ ಕಂಚಿನ ವಿಗ್ರಹವನ್ನು ನಮ್ಮ ವಿದ್ವಾಂಸರು ಧರ್ಮ ಮತ್ತು ಶಿಲ್ಪಗಳ ದೃಷ್ಟಿಯಿಂದ ವಿಸ್ತಾರವಾಗಿ ಚರ್ಚಿಸಿದ್ದಾರೆ. ಅದರ ಪಕ್ಕದಲ್ಲಿ ಬೆನ್ ಯಿಜುವಿನ ಕಂಚುಶಾಲೆಯ ಪತ್ರಗಳನ್ನಿಟ್ಟು, ಈ ತೀರದ ಲೋಹಕಾರರ ಪರಂಪರೆಯ ಪ್ರಶ್ನೆಯನ್ನು ಎತ್ತುವ ಕೆಲಸ ಆಗಬೇಕಾಗಿದೆ.

ಎಸ್. ಡಿ. ಗೊಯಿಟೈನ್ ಅವರ ಸಂಶೋಧನೆಯಿಂದ ಬೆಳಕಿಗೆ ಬಂದ ಈ ಪತ್ರಗಳನ್ನು ಅಮಿತಾವ್ ಘೋಷ್ 1992ರ ತಮ್ಮ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಕೃತಿಯಲ್ಲಿ ಸಾಮಾನ್ಯ ಓದುಗರ ಮುಂದಿಟ್ಟರು. ಈ ಕೃತಿಯ ಒಂದು ಪ್ರಸಂಗ ನಮ್ಮ ಸಂಶೋಧನೆಗೆ ಪಾಠಪ್ರಾಯವಾದುದು. ಬೆನ್ ಯಿಜುವಿನ ದಾಸನೂ ವ್ಯವಹಾರದ ಪ್ರತಿನಿಧಿಯೂ ಆಗಿದ್ದವನ ಹೆಸರು ಪತ್ರಗಳಲ್ಲಿ ಕೆಲವೇ ವ್ಯಂಜನಗಳಲ್ಲಿ ಬರೆಯಲ್ಪಟ್ಟಿದೆ. ಅದನ್ನು ‘ಬೊಮ್ಮ’ ಎಂದು ಓದುವ ದಾರಿ ತೋರಿದವರು ತುಳು ವಿದ್ವಾಂಸರಾದ ಬಿ. ಎ. ವಿವೇಕ ರೈ. ಪತ್ರ ಈಜಿಪ್ಟಿನದು, ಲಿಪಿ ಹೀಬ್ರೂ, ಭಾಷೆ ಅರಬಿ. ಆದರೆ ಹೆಸರಿನ ಬೀಗಕ್ಕೆ ಕೀಲಿಕೈ ಇದ್ದುದು ತುಳುನಾಡಿನಲ್ಲಿ. ಬಂದರು ನಗರದ ದಾಖಲೆ ಜಗತ್ತಿನಲ್ಲೆಲ್ಲ ಚದುರಿರಬಹುದು, ಆದರೆ ಅದರ ಅರ್ಥದ ಒಂದು ಭಾಗ ಸ್ಥಳೀಯ ಭಾಷೆಯಲ್ಲಿಯೇ ಉಳಿದಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹೀಗೆಂದು ಘೋಷ್ ಅವರ ಕೃತಿಯನ್ನು ಪೂರ್ಣವಾಗಿ ಒಪ್ಪಬೇಕಾಗಿಲ್ಲ. ಪೋರ್ಚುಗೀಸರು ಬರುವ ಮುನ್ನ ಹಿಂದೂ ಮಹಾಸಾಗರದ ವ್ಯಾಪಾರ ಶಸ್ತ್ರವಿಲ್ಲದ, ರಾಜಿಯ ವ್ಯಾಪಾರವಾಗಿತ್ತು ಎಂಬ ಅವರ ಚಿತ್ರಣದಲ್ಲಿ ಕಳೆದುಹೋದ ಲೋಕದ ಬಗೆಗಿನ ಹಂಬಲದ ಬಣ್ಣ ಹೆಚ್ಚಾಗಿದೆ. ಇಬ್ನ್ ಬತೂತನ ಕಾದಾಟಗಳನ್ನು ಆ ಚಿತ್ರದಲ್ಲಿ ಕೂರಿಸುವುದು ಕಷ್ಟ. ಅಶುವಿನ ಬಿಡುಗಡೆಪತ್ರವೇ ಅಂದಿನ ಮಂಗಳೂರಿನಲ್ಲಿ ಮನುಷ್ಯರ ಮೇಲೂ ಒಡೆತನವಿತ್ತೆಂಬುದನ್ನು ನೆನಪಿಸುತ್ತದೆ.

4

ಮೆಣಸಿನ ಪರಿಮಳದಲ್ಲಿ ಮರೆತುಹೋದ ಇನ್ನೊಂದು ಸರಕು ಅಕ್ಕಿ. ಹದಿನಾರನೆಯ ಶತಮಾನದ ಆರಂಭದ ಪೋರ್ಚುಗೀಸ್ ಲೇಖಕ ಬಾರ್ಬೊಸ, ಮಂಗಳೂರಿನಲ್ಲಿ ಹಡಗುಗಳು ಕಂದುಬಣ್ಣದ ಅಕ್ಕಿಯನ್ನು ತುಂಬಿಕೊಳ್ಳುವುದನ್ನೂ, ಅದು ಬಿಳಿಯ ಅಕ್ಕಿಗಿಂತ ಒಳ್ಳೆಯದೆನಿಸಿಕೊಂಡಿದ್ದನ್ನೂ ದಾಖಲಿಸುತ್ತಾನೆ. ಕರಾವಳಿಯ ಊಟದಲ್ಲಿ ಇಂದಿಗೂ ಇರುವ ಕುಚ್ಚಲಕ್ಕಿಯ ಪೂರ್ವರೂಪ ಇದಾಗಿರಬಹುದೆಂದು ಊಹಿಸಲು ಅವಕಾಶವಿದೆ. ಗೋವೆಯ ಪೋರ್ಚುಗೀಸರಿಗೂ ಮಲಬಾರಿನ ಊರುಗಳಿಗೂ ಅರಬ್ ತೀರಕ್ಕೂ ಕೆನರಾದ ಅಕ್ಕಿ ಬೇಕಾಗಿತ್ತು. ಈ ಅಕ್ಕಿ ಬೆಳೆದದ್ದು ನದಿಗಳ ಬಯಲುಗದ್ದೆಗಳಲ್ಲಿ, ಒಕ್ಕಲುಗಳ ಮತ್ತು ಮೂಲದ ಹೊಲೆಯರ ದುಡಿಮೆಯಿಂದ. ಬಂದರಿಗೆ ಬಂದದ್ದು ದೋಣಿಗಳಲ್ಲಿ ನದಿಯ ಮೂಲಕ. ಬಂದರಿನ ಚರಿತ್ರೆಯನ್ನು ಮೆಣಸಿನಿಂದ ಬರೆದರೆ ವರ್ತಕ ಮುಂದೆ ಬರುತ್ತಾನೆ. ಅಕ್ಕಿಯಿಂದ ಬರೆದರೆ ಗೇಣಿದಾರ, ಕೂಲಿ, ದೋಣಿಕಾರ ಇವರೆಲ್ಲ ಬರಲೇಬೇಕಾಗುತ್ತದೆ.

1623ರಲ್ಲಿ ಬಂದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ, ಮಂಗಳೂರು ಉತ್ತರದಿಂದ ಬಂಗರ ನಾಡಿನ ನದಿ ಮತ್ತು ದಕ್ಷಿಣದಿಂದ ಉಳ್ಳಾಲದ ನದಿ ಕೂಡುವಲ್ಲಿದೆ ಎಂದು ಸ್ಪಷ್ಟವಾಗಿ ಹೇಳುತ್ತಾನೆ. ಉಳ್ಳಾಲದ ರಾಣಿಯನ್ನು ಆತ ಮಣೇಲಿನಲ್ಲಿ ಕಂಡಾಗ ಅವಳು ಬರಿಗಾಲಿನಲ್ಲಿ ನಡೆದು ನೀರಿನ ಕಾಲುವೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದಳು. ಅಬ್ಬಕ್ಕನ ಹೆಸರಿನಲ್ಲಿ ಪೋರ್ಚುಗೀಸರ ವಿರುದ್ಧದ ಖಡ್ಗಧಾರಿಣಿಯ ಪ್ರತಿಮೆಯೊಂದನ್ನೇ ನಾವು ಬೆಳೆಸಿದ್ದೇವೆ. ಕಾಲುವೆಯ ಬಳಿ ನಿಂತ ರಾಣಿಯ ಚಿತ್ರ ಅದಕ್ಕೆ ವಿರುದ್ಧವಾದುದಲ್ಲ. ಅದರ ಅರ್ಥವನ್ನು ಪೂರ್ಣಗೊಳಿಸುವಂಥದು. ಕಡಲಿನಲ್ಲಿ ಪೋರ್ಚುಗೀಸರನ್ನು ಎದುರಿಸುವ ಶಕ್ತಿ ಗದ್ದೆಯ ನೀರಿನಿಂದ ಬರುತ್ತಿತ್ತು.

1784ರ ವರ್ಷವನ್ನು ಈ ಸಂದರ್ಭದಲ್ಲಿ ಪರಿಶೀಲಿಸಬಹುದು. ಆ ವರ್ಷದ ಮಾರ್ಚ್ 11ರಂದು ಟಿಪ್ಪು ಸುಲ್ತಾನನಿಗೂ ಇಂಗ್ಲಿಷ್ ಕಂಪನಿಗೂ ನಡುವೆ ಮಂಗಳೂರು ಒಪ್ಪಂದವಾಯಿತು. ಅದೇ ವರ್ಷ ಕೆನರಾದ ಕ್ಯಾಥೊಲಿಕರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ಉಳಿದವರು ಮರಳಿದ್ದು 1799ರ ನಂತರ. ಗುರುಪುರ ನದಿಯ ದಂಡೆಯ ಬೋಳೂರಿನ ಸುಲ್ತಾನ್ ಬತ್ತೇರಿಯೂ ಆ ಕಾಲದ್ದೇ. ಒಪ್ಪಂದ ರಾಜಕೀಯ ಇತಿಹಾಸದ ಪಠ್ಯದಲ್ಲಿದೆ; ಸೆರೆ ಒಂದು ಸಮುದಾಯದ ನೋವಿನ ಸ್ಮೃತಿಯಲ್ಲಿದೆ; ಬತ್ತೇರಿ ಪ್ರವಾಸಿಗರ ಕೈಪಿಡಿಯಲ್ಲಿದೆ. ಮೂರು ಕಥನಗಳೂ ಒಂದನ್ನೊಂದು ಕಾಣುವುದಿಲ್ಲ. ಆದರೆ ಇವನ್ನು ಬೆಸೆಯುವ ಎಳೆ ಅಳಿವೆಯೇ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಗೆ ಮಂಗಳೂರು ಕಡಲಿನ ಬಾಗಿಲಾಯಿತು, ನೌಕಾನೆಲೆಯಾಯಿತು. 1783ರಲ್ಲಿ ಇಂಗ್ಲಿಷರು ಅದನ್ನು ಹಿಡಿದರು. ದೀರ್ಘ ಮುತ್ತಿಗೆಯ ಬಳಿಕ ಟಿಪ್ಪು ಮರಳಿ ಪಡೆದನು. ಆ ಬಾಗಿಲಿನ ಭಯವೇ ನದಿಯ ಬಾಯಲ್ಲಿ ಕಾವಲು ಗೋಪುರವನ್ನು ಕಟ್ಟಿಸಿತು. ಬಾಗಿಲನ್ನು ಶತ್ರುವಿಗೆ ತೆರೆದುಕೊಟ್ಟರೆಂಬ ಸಂಶಯ ಒಂದು ಸಮುದಾಯವನ್ನೇ ನೆಲೆ ತಪ್ಪಿಸಿತು. ಹೀಗೆ ಓದುವುದರಿಂದ ಆ ಸಮುದಾಯದ ನೋವು ಕಿರಿದಾಗುವುದಿಲ್ಲ, ಅದು ನಗರದ ಚರಿತ್ರೆಯೊಳಗೆ ಬರುತ್ತದೆ.

5

ಹತ್ತೊಂಬತ್ತನೆಯ ಶತಮಾನದ ಮಂಗಳೂರನ್ನು ಬಾಸೆಲ್ ಮಿಷನ್ನಿನ ಮೂಲಕ ನೋಡುವುದು ಕನ್ನಡದಲ್ಲಿ ಸ್ಥಿರವಾದ ಪದ್ಧತಿ. 1834ರಲ್ಲಿ ಮಿಷನರಿಗಳ ಆಗಮನ, 1843ರ ಜುಲೈ 1ರಂದು ಹೊರಟ ‘ಮಂಗಳೂರ ಸಮಾಚಾರ’, 1886ರ ಮೆನ್ನರ್ ತುಳು ನಿಘಂಟು, 1894ರ ಕಿಟೆಲ್ ನಿಘಂಟು ಇವು ಕನ್ನಡ ತುಳುಗಳ ಚರಿತ್ರೆಯ ಮೈಲಿಗಲ್ಲುಗಳೆಂಬುದರಲ್ಲಿ ಸಂದೇಹವಿಲ್ಲ. 1899ರಲ್ಲಿ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಕಾದಂಬರಿ ಅಚ್ಚಾದದ್ದೂ ಇದೇ ಮಿಷನ್ನಿನ ಮುದ್ರಣಾಲಯದಲ್ಲಿ. ಆದರೆ ಮುದ್ರಣಾಲಯಕ್ಕೆ ದೊರೆತ ಗೌರವ, 1865ರಲ್ಲಿ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆಗೆ ದೊರೆತಿಲ್ಲ. ಹಂಚಿಗೆ ಬೇಕಾದ ಜೇಡಿ ನದಿಯ ದಂಡೆಯದು. ಸುಡುವ ಸೌದೆಯೂ ಸಿದ್ಧವಾದ ಹಂಚೂ ದೋಣಿಗಳನ್ನು ನೆಚ್ಚಿದ್ದವು. ಮತಾಂತರದಿಂದ ಹಳೆಯ ಕಸುಬು ಮತ್ತು ಆಶ್ರಯ ಕಳೆದುಕೊಂಡವರಿಗೆ, ವಿಶೇಷವಾಗಿ ಮೂರ್ತೆಯ ಕೆಲಸ ಬಿಟ್ಟ ಬಿಲ್ಲವರಿಗೆ, ಕಾರ್ಖಾನೆ ಅನ್ನದ ದಾರಿಯಾಯಿತು. ಜೊತೆಗೆ ಗಂಟೆಯ ಶಿಸ್ತಿಗೆ ಒಳಗಾದ ಹೊಸ ಕೂಲಿವರ್ಗವೂ ಹುಟ್ಟಿತು. ಅದರಲ್ಲಿ ಹೆಂಗಸರೂ ಇದ್ದರು. ಮುಂದೆ ಗೋಡಂಬಿ ಮತ್ತು ಬೀಡಿ ಉದ್ಯಮಗಳು ಬೆಳೆದಾಗ ನಗರದ ಆರ್ಥಿಕತೆ ಹೆಂಗಸರ ಬೆರಳುಗಳ ಮೇಲೆಯೇ ನಿಂತಿತೆನ್ನಬಹುದು. ಈ ದುಡಿಮೆಗೆ ‘ಕೊಡುಗೆ’ಯ ಪಟ್ಟಿಯಲ್ಲಿ ಸ್ಥಾನವಿಲ್ಲ. ಯಾಕೆಂದರೆ ಅದು ಯಾವ ಒಂದು ಸಮುದಾಯದ ಸ್ವತ್ತೂ ಅಲ್ಲ.

ಕನ್ನಡ ಕಾದಂಬರಿಯೂ ಈ ನಗರವನ್ನು ಬದಿಗಿಟ್ಟಿದೆ ಎನ್ನಬೇಕು. ಕರಾವಳಿಯ ಶ್ರೇಷ್ಠ ಕಾದಂಬರಿಗಳು ಮಣ್ಣಿನ ಕಡೆಗೆ, ಗ್ರಾಮದ ಕಡೆಗೆ ಮುಖ ಮಾಡಿವೆ. ಆದರೂ ಬಂದರು ಅಲ್ಲಿ ಪೂರ್ತಿ ಇಲ್ಲವೆಂದಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (1933) ಚೋಮನ ಮಕ್ಕಳು ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಆ ಕಾಲದಲ್ಲಿ ಘಟ್ಟದ ಕಾಫಿ ಹದಗೊಂಡು ಹಡಗನ್ನೇರುತ್ತಿದ್ದುದು ಹೆಚ್ಚಾಗಿ ಮಂಗಳೂರಿನಲ್ಲಿ. ಕಾದಂಬರಿಯಲ್ಲಿ ಹೆಸರಿಸದೆ ಉಳಿದ ಬಂದರು ಚೋಮನ ಮನೆಯ ದುರಂತದ ದೂರದ ತುದಿಯಲ್ಲಿದೆ. ಗ್ರಾಮಕಥನವನ್ನು ಈ ಬಗೆಯಲ್ಲಿ ನಗರದವರೆಗೆ ಎಳೆದು ಓದುವ ವಿಮರ್ಶೆ ನಮ್ಮಲ್ಲಿ ಬೆಳೆಯಬೇಕು.

ಮೌಖಿಕ ಪರಂಪರೆ ಈ ವಿಷಯದಲ್ಲಿ ಲಿಖಿತ ಸಾಹಿತ್ಯಕ್ಕಿಂತ ಮುಂದಿದೆ. ಮೊಗವೀರರು ನಂಬುವ ಬೊಬ್ಬರ್ಯ ದೈವದ ಕಥೆಯ ಹಲವು ಪಾಠಗಳಲ್ಲಿ ಆತ ಮುಸಲ್ಮಾನ ವರ್ತಕನಿಗೂ ಜೈನ ಮೂಲದ ಹೆಣ್ಣಿಗೂ ಹುಟ್ಟಿದವನು, ಕಡಲ ವ್ಯಾಪಾರಿ, ಕಡಲಿನ ಕಾಳಗದಲ್ಲಿ ಮಡಿದು ದೈವವಾದವನು. ಬೆನ್ ಯಿಜು ಮತ್ತು ಅಶು ಅವರ ಸಂಸಾರದ ಬಗೆಗೆ ಪತ್ರಗಳಿಂದ ಊಹಿಸಬೇಕಾದುದನ್ನು ಈ ಪಾಡ್ದನ ನೇರವಾಗಿ ಹೇಳುತ್ತದೆ. ಬಂದವನೂ ಇದ್ದವಳೂ ಕೂಡಿ ಪಡೆದ ಸಂತಾನವನ್ನು ಊರು ದೂರ ಮಾಡಲಿಲ್ಲ, ಅದಕ್ಕೆ ಗುಡಿ ಕಟ್ಟಿತು. ಅಳಿವೆಯ ನಗರದ ಆತ್ಮಚರಿತ್ರೆ ಎಲ್ಲಿಯಾದರೂ ಇದ್ದರೆ ಅದು ಇಂಥ ಕಥೆಗಳಲ್ಲಿದೆ.

6

ಇಪ್ಪತ್ತನೆಯ ಶತಮಾನದಲ್ಲಿ ನಗರದ ಮುಖ ತಿರುಗಿತು. 1907ರಲ್ಲಿ ದಕ್ಷಿಣದಿಂದ ರೈಲು ಬಂದಿತು. 1956ರ ಪುನರ್ವಿಂಗಡಣೆಯಲ್ಲಿ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿದಾಗ ಕಾಸರಗೋಡು ಕೇರಳದ ಪಾಲಾಯಿತು. ಅಲ್ಲಿಯ ತನಕ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಅಮೀನಿ ದ್ವೀಪಗಳು ಲಕ್ಷದ್ವೀಪದ ಕೇಂದ್ರಾಡಳಿತಕ್ಕೆ ಹೋದವು. ದ್ವೀಪಗಳ ತೆಂಗಿನ ನಾರು ಮಂಗಳೂರಿಗೆ ಬಂದು, ಅಕ್ಕಿ ಅಲ್ಲಿಗೆ ಹೋಗುತ್ತಿದ್ದ ವಿನಿಮಯ ಬಹಳ ಕಾಲದ್ದು. ಏಕೀಕರಣದ ಚರಿತ್ರೆಯಲ್ಲಿ ಕಾಸರಗೋಡಿನ ಬಗೆಗೆ ನ್ಯಾಯವಾಗಿಯೇ ದುಃಖಿಸುವ ನಾವು ಈ ದ್ವೀಪಗಳನ್ನು ನೆನೆಯುವುದೇ ಇಲ್ಲ. ನಮ್ಮ ನಾಡಿನ ಕಲ್ಪನೆ ನೆಲದ ಗಡಿಯಲ್ಲಿ ನಿಲ್ಲುತ್ತದೆ, ನೀರಿನ ಮೇಲೆ ಮುಂದುವರಿಯುವುದಿಲ್ಲ ಎಂಬುದಕ್ಕೆ ಇದು ನಿದರ್ಶನ. ಹಳೆಯ ಬಂದರಿನಿಂದ ಲಕ್ಷದ್ವೀಪಕ್ಕೆ ಸರಕು ಸಾಗುವುದು ಮಾತ್ರ ನಿಂತಿಲ್ಲ.

1974ರಲ್ಲಿ ದೇಶದ ಪ್ರಮುಖ ಬಂದರುಗಳಲ್ಲಿ ಒಂದೆಂದು ಘೋಷಿತವಾಗಿ, 1975ರ ಜನವರಿಯಲ್ಲಿ ಉದ್ಘಾಟನೆಗೊಂಡ ಪಣಂಬೂರಿನ ನವಮಂಗಳೂರು ಬಂದರು ಅಳಿವೆಯ ಹಂಗಿಲ್ಲದ ಬಂದರು. ನೆಲವನ್ನು ಅಗೆದು ಮಾಡಿದ ಅದರ ಕೊಳಕ್ಕೆ ದೊಡ್ಡ ಹಡಗು ನೇರವಾಗಿ ಬರಬಲ್ಲದು, ಮಳೆಗಾಲದಲ್ಲಿಯೂ ಬರಬಲ್ಲದು. ಕುದುರೆಮುಖದ ಅದಿರು, ಗೊಬ್ಬರ, ಕಚ್ಚಾತೈಲಗಳ ಯುಗ ಅದರಿಂದ ಆರಂಭವಾಯಿತು. ಅದಿರಿನ ಗಣಿ 2005ರ ಕೊನೆಯಲ್ಲಿ ಮುಚ್ಚಿತು, ಬಂದರು ಮುಂದುವರಿಯಿತು. ಅದಕ್ಕಾಗಿ ನೆಲ ಬಿಟ್ಟ ಪಣಂಬೂರು, ಬೈಕಂಪಾಡಿ ಕಡೆಯ ಕುಟುಂಬಗಳು ಕಾಟಿಪಳ್ಳ ಕೃಷ್ಣಾಪುರದ ಪುನರ್ವಸತಿ ಪ್ರದೇಶಕ್ಕೆ ಹೋದವು. ಅವರಲ್ಲಿ ಹಲವು ಜಾತಿ ಮತಗಳವರಿದ್ದರು. ಸಮುದಾಯಗಳ ಚರಿತ್ರೆಗಳು ಸಾಲುಸಾಲಾಗಿರುವ ಗ್ರಂಥಾಲಯದಲ್ಲಿ, ಒಟ್ಟಾಗಿ ನೆಲೆ ತಪ್ಪಿದವರ ಚರಿತ್ರೆಗೆ ಅಂಥ ಸಾಲೊಂದು ಇಲ್ಲದಿರುವುದು ಗಮನಾರ್ಹ.

ಇಲ್ಲಿ ವಿಮರ್ಶೆಯ ಪ್ರಶ್ನೆ ವರ್ತಮಾನದ ಪ್ರಶ್ನೆಯೂ ಆಗುತ್ತದೆ. ಕೊಡುಗೆಯ ಲೆಕ್ಕ ಬಹುಬೇಗ ಹಕ್ಕಿನ ಲೆಕ್ಕವಾಗಿ ಮಾರ್ಪಡುತ್ತದೆ. ಯಾರು ಮೊದಲು ಬಂದರು, ಯಾರು ಹೆಚ್ಚು ಕೊಟ್ಟರು ಎಂದು ಕೇಳತೊಡಗಿದ ಮೇಲೆ ಯಾರು ಹೊರಗಿನವರು ಎಂಬ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಕಳೆದ ಕೆಲವು ದಶಕಗಳಲ್ಲಿ ಈ ನಗರ ಕಂಡ ಕೋಮು ಕಲಹಗಳಿಗೆ ಚರಿತ್ರೆಕಾರರೇ ಕಾರಣರೆಂದು ಹೇಳುವುದು ಅತಿಶಯವಾದೀತು. ಆದರೆ ಕಲಹದ ಭಾಷೆ ಬಳಸುವ ಪ್ರವರ್ಗಗಳು ನಮ್ಮ ಗ್ರಂಥಗಳ ಅಧ್ಯಾಯವಿಭಜನೆಯಲ್ಲಿಯೇ ಸಿದ್ಧವಾಗಿ ಕುಳಿತಿವೆ ಎಂಬುದನ್ನು ಅಲ್ಲಗಳೆಯುವಂತಿಲ್ಲ. ಇದಕ್ಕೆ ಸೌಹಾರ್ದದ ಸುಂದರ ಚಿತ್ರವೊಂದನ್ನು ಎದುರಿಗಿಡುವುದು ಪರಿಹಾರವಲ್ಲ. ಕಾದಾಡಿದಾಗಲೂ ಒಬ್ಬರಿಗೊಬ್ಬರು ಬೇಕಾಗಿದ್ದ ಜನರ ಚರಿತ್ರೆಯನ್ನು, ಅಕ್ಕಿ, ಕಂಚು, ಜೇಡಿ, ದೋಣಿಗಳ ಚರಿತ್ರೆಯನ್ನು ವಸ್ತುನಿಷ್ಠವಾಗಿ ಬರೆಯುವುದೇ ಪರಿಹಾರ.

ಇದಕ್ಕೆ ಆಗಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ಮಂಗಳೂರಿಗೆ ಸಂಬಂಧಿಸಿದ ಗೆನಿಜಾ ಪತ್ರಗಳು ಟಿಪ್ಪಣಿಗಳೊಡನೆ ಕನ್ನಡಕ್ಕೆ ಬರಬೇಕು. ಹಂಚಿನ ಕಾರ್ಖಾನೆಗಳ ಕೂಲಿ ದಾಖಲೆಗಳನ್ನು ಹುಡುಕಿ ಉಳಿಸಬೇಕು. ಮಂಜಿಗಳಲ್ಲಿ ದುಡಿದವರ, ದಕ್ಕೆಯ ಹಮಾಲರ, ಕಾಟಿಪಳ್ಳಕ್ಕೆ ಹೋದ ಹಿರಿಯರ ನೆನಪುಗಳನ್ನು ಅವರವರ ಭಾಷೆಯಲ್ಲಿಯೇ ದಾಖಲಿಸಬೇಕು. ತುಳು, ಕೊಂಕಣಿ, ಬ್ಯಾರಿ ಅಕಾಡೆಮಿಗಳು ಪ್ರತ್ಯೇಕವಾಗಿ ಮಾಡುತ್ತಿರುವ ಸಂಗ್ರಹಗಳು ಬಂದರು ಎಂಬ ಒಂದು ವಿಷಯದಲ್ಲಾದರೂ ಒಂದೆಡೆ ಸೇರಬೇಕು. ಒಬ್ಬ ದಾಸನ ಹೆಸರನ್ನು ಸರಿಯಾಗಿ ಓದಲು ಅರಬಿ ಬಲ್ಲವರೂ ತುಳು ಬಲ್ಲವರೂ ಒಂದಾಗಬೇಕಾಯಿತು. ಒಂದು ನಗರವನ್ನು ಓದುವುದಕ್ಕೆ ಅದಕ್ಕಿಂತ ಕಡಿಮೆ ಸಹಕಾರ ಸಾಲದು.